ಫಾರಂ ಹಿಡ್ಕೊಂಡು ಹದಿನಾರು ವರ್ಷ

ಓದಿದವರ ಜೊತೆ ಇದ್ದರೆ ಬುದ್ಧಿ ಬೆಳೆಯುತ್ತೆ ಅಂತಾರೆ. ನನಗೆ ಬೆಳೆದದ್ದು ಬಿ.ಪಿ. ಒಂದೇ. ಹದಿನಾರು ವರ್ಷದಿಂದ ಸಂಶೋಧನಾ ಸಹಾಯಕಿ ಅನ್ನೋ ಹೆಸರಲ್ಲಿ ಪ್ರೊಫೆಸರುಗಳ ಫಾರಂ ಹಿಡ್ಕೊಂಡು ಓಡಾಡ್ತಿದ್ದೀನಿ. ಪ್ರಾಜೆಕ್ಟ್ ಮುಗಿದರೆ ನನ್ನ ಕೆಲಸವೂ ಮುಗಿಯಿತು, ಇನ್ನೊಬ್ಬರ ಬಾಗಿಲು ತಟ್ಟಬೇಕು. ಹಾಗಾಗಿ ಮನಃಶಾಸ್ತ್ರ, ಶಿಕ್ಷಣ, ಭೌತಶಾಸ್ತ್ರ, ವೈದ್ಯಕೀಯ ಅಂತ ಎಲ್ಲಾ ಕಡೆ ದುಡಿದಿದ್ದೀನಿ. ವಿಷಯ ಬೇರೆ ಬೇರೆ, ಮೈ ಉರಿಯೋದು ಮಾತ್ರ ಒಂದೇ ಥರ. ಒಂದು ವಾರ ಏನೂ ಆಗದೆ ಕಳೆದರೆ ಮುಂದಿನ ವಾರಕ್ಕೆ ಏನೋ ಕಾದಿದೆ ಅಂತಲೇ ಅರ್ಥ.

ಕೆಳಗೆ ಅನಿಸಿದೆಯೇ?

ಊರು ಬಿಟ್ಟು ದುಡಿಯೋಕೆ ಬಂದ ಹೆಂಗಸರ ಮನಸ್ಸಿನ ಒತ್ತಡ ಅಳೆಯುವ ಪ್ರಾಜೆಕ್ಟ್ ಅದು. ಅರವತ್ತು ಪ್ರಶ್ನೆ. ಇಂಗ್ಲಿಷಿನಲ್ಲಿದ್ದದ್ದನ್ನ ಯಾರೋ ಕನ್ನಡಕ್ಕೆ ತಂದಿದ್ದರು. ತಂದಿದ್ದರು ಅನ್ನೋದಕ್ಕಿಂತ ಜುಟ್ಟು ಹಿಡಿದು ಎಳ್ಕೊಂಡು ಬಂದಿದ್ದರು. ಓದಿ ನೋಡಿ ಸೀದಾ ಪ್ರೊಫೆಸರ್ ಹತ್ತಿರ ಹೋದೆ.

"ಸಾರ್, ಇದು ಕನ್ನಡ ಅಲ್ಲ."

"ಇದು ಪ್ರಮಾಣೀಕರಿಸಿದ ಪ್ರಶ್ನಾವಳಿ ಕಣಮ್ಮಾ. ಒಂದಕ್ಷರ ಬದಲಾಯಿಸಿದ್ರೂ ಫಲಿತಾಂಶ ಕೆಟ್ಟೋಗುತ್ತೆ. ಇದ್ದಂಗೇ ಓದಿ."

ಭಾನುವಾರ ಬೆಳಗ್ಗೆ ಮರ್ಫಿ ಟೌನಿನ ಒಂದು ಮನೆಯ ಮಹಡಿ ಹತ್ತಿದೆ. ಬಾಡಿಗೆ ರೂಮು. ಯಾದಗಿರಿ ಕಡೆಯ ಹೆಂಗಸು, ಆಫೀಸೊಂದರಲ್ಲಿ ಕಸ ಗುಡಿಸೋ ಕೆಲಸ. ಪಾಪ, ಚಾಪೆ ಹಾಸಿ ಕೂರಿಸಿದಳು. ನಾನು ಇದ್ದಂಗೇ ಓದಿದೆ. "ಕಳೆದ ಎರಡು ವಾರಗಳಲ್ಲಿ ನಿಮಗೆ ಎಷ್ಟು ಬಾರಿ ಕೆಳಗೆ ಅನಿಸಿದೆ?"

"ಕೆಳಗ ಯಾಕ್ರೀ? ನಾವು ಮ್ಯಾಲಿನ ಖೋಲ್ಯಾಗ ಅದೀವಿ. ಕೆಳಗ ಮಾಲಕರ ಮನಿ."

"ನಿಮ್ಮ ಹೊಟ್ಟೆಯಲ್ಲಿ ಚಿಟ್ಟೆಗಳು ಇರುವಂತೆ ಅನಿಸುತ್ತದೆಯೇ?"

"ಚಿಟ್ಟಿ ಅಂದ್ರ?"

"ಪಾತರಗಿತ್ತಿ."

ಅವಳು ನನ್ನನ್ನ ಮೇಲಿಂದ ಕೆಳಗೆ ನೋಡಿದಳು. "ಅಕ್ಕಾರ, ನಮ್ಮ ಸಣ್ಣಾಕಿಗೆ ಜಂತ ಆಗಿದ್ವು, ಗುಳಿಗಿ ಕೊಟ್ಟೀವಿ. ಪಾತರಗಿತ್ತಿ ಮಾತ್ರ ನಮ್ ಮನ್ಯಾಗ ಯಾರಿಗೂ ಆಗಿಲ್ರಿ."

ಹೀಗೇ ಒಂದೂವರೆ ಗಂಟೆ. ಕೊನೆಯ ಪ್ರಶ್ನೆ, "ಈ ಕ್ಷಣದಲ್ಲಿ ನಿಮ್ಮ ಒತ್ತಡಕ್ಕೆ ಮುಖ್ಯ ಕಾರಣವೇನು?"

"ನೀವ ರೀ ಅಕ್ಕಾ! ವಾರಕ್ಕ ಒಂದ್ ದಿನ ಸೂಟಿ. ನಳದ ನೀರ ಬಂದು ಹೋತು, ನಾ ನಿಮ್ ಮುಂದ ಕುಂತೀನಿ!"

ನನಗೆ ನಾಚಿಕೆಯಾಯಿತು. ಅವಳು ಹೇಳಿದ್ದನ್ನ ಅಕ್ಷರ ಬಿಡದೆ ಬರ್ಕೊಂಡೆ. ಪ್ರೊಫೆಸರ್ ಅದನ್ನ ಓದಿ, ಪಕ್ಕದಲ್ಲಿ 'ಕೌಟುಂಬಿಕ ಕಾರಣ' ಅಂತ ಗುರುತು ಹಾಕಿದರು.

"ಕುಟುಂಬ ಎಲ್ಲಿಂದ ಬಂತು ಸಾರ್? ಅವಳು ಬೈದದ್ದು ನನ್ನನ್ನ."

"ನಿಮ್ಮನ್ನ ಅಕ್ಕಾ ಅಂದಿದ್ದಾರಲ್ಲಮ್ಮ!"

ಖುಷಿ ಕೇಳೋರು

ಆಮೇಲೆ ಶಿಕ್ಷಣದ ಮೇಡಂ ಹತ್ತಿರ ಸೇರಿದೆ. ಶಾಲೆಯಲ್ಲಿ ಪಾಠದ ಸಮಯ ಎಲ್ಲಿ ಸೋರಿಹೋಗುತ್ತೆ ಅನ್ನೋದು ಅವರ ವಿಷಯ. ಲಿಂಗರಾಜಪುರದ ಕಡೆ ಒಂದು ಶಾಲೆ. ಮೂರನೇ ಕ್ಲಾಸಿನ ಹಿಂದಿನ ಬೆಂಚಲ್ಲಿ ಗಡಿಯಾರ ಹಿಡಿದು ಕೂರಬೇಕು, ಟೀಚರು ಎಷ್ಟು ನಿಮಿಷ ಪಾಠ ಮಾಡ್ತಾರೆ ಅಂತ ಬರೀಬೇಕು.

ನಾನು ಒಳಗೆ ಕಾಲಿಟ್ಟದ್ದೇ ತಡ, ಎರಡು ಜಡೆಯ ಒಂದು ಹುಡುಗಿ ಎದ್ದು ನಿಂತಳು.

"ಮಿಸ್, ನೀವು ಎತ್ತರ ಅಳೆಯೋರಾ, ಓದ್ಸಿ ನೋಡೋರಾ, ಇಲ್ಲಾ ಖುಷಿಯಾಗಿದ್ದೀರಾ ಅಂತ ಕೇಳೋರಾ?"

"ಯಾಕೆ ಪುಟ್ಟಿ?"

"ಎತ್ತರದೋರಾದ್ರೆ ಶೂ ಬಿಚ್ಬೇಕು ಮಿಸ್. ಖುಷಿಯೋರಾದ್ರೆ ನಗ್ಬೇಕು."

ಇಡೀ ಕ್ಲಾಸು ನಕ್ಕಿತು. ಅಭ್ಯಾಸಬಲ, ಯಾವುದಕ್ಕೂ ಇರಲಿ ಅಂತ. ಹೆಡ್‌ಮಿಸ್ ಬಾಗಿಲಲ್ಲೇ ನಿಂತಿದ್ದರು. ನನ್ನ ಕೈ ಹಿಡಿದು ವರಾಂಡಕ್ಕೆ ಕರ್ಕೊಂಡು ಹೋದರು.

"ಕೋಪ ಮಾಡ್ಕೋಬೇಡಿ. ಈ ವಾರ ನೀವು ನಾಲ್ಕನೆಯವರು. ನಮ್ಮ ಟೀಚರು ಸೋಮವಾರದಿಂದ ಒಂದು ಭಾಗಾಕಾರ ಹೇಳ್ಕೊಡೋಕೆ ನೋಡ್ತಿದ್ದಾಳೆ. ಶೇಷ ಉಳಿದಿರೋದು ಅವಳೊಬ್ಬಳೇ."

ಆ ಮಾತು ಕೇಳಿ ಗಡಿಯಾರ ಚೀಲಕ್ಕೆ ಹಾಕಿದೆ. ವಾಪಸ್ ಬಂದು ಮೇಡಂ ಎದುರು ನಿಂತು ಹೇಳೇಬಿಟ್ಟೆ. "ಮೇಡಂ, ಪಾಠ ಕೆಡಿಸ್ತಿರೋರು ಬೇರೆ ಯಾರೂ ಅಲ್ಲ, ನಾವೇ. ನಾವು ಹೋಗೋದು ನಿಲ್ಸಿದ್ರೆ ಸಾಕು."

ಕೆಲಸ ಹೋಗುತ್ತೆ ಅಂದ್ಕೊಂಡಿದ್ದೆ. ಮೇಡಂ ಕಣ್ಣು ಅರಳಿತು. "ಅದ್ಭುತ! ಇದನ್ನ ಇನ್ನೂ ಯಾರೂ ಅಧ್ಯಯನ ಮಾಡಿಲ್ಲ! ನಾಳೆಯಿಂದ ಅದೇ ಶಾಲೆಗೆ ಹೋಗಿ, ಸಂಶೋಧಕರಿಂದ ಎಷ್ಟು ನಿಮಿಷ ಹಾಳಾಗುತ್ತೆ ಅಂತ ಕೂತು ಬರೀರಿ."

ಒಪ್ಪಿಗೆ ಪತ್ರ

ಕೆ.ಆರ್. ಪುರಂ ಆಚೆಯ ಒಂದು ಕಾಲೇಜಿನಲ್ಲಿ ಸಂಶೋಧನಾ ವಿಭಾಗದ ಕಡತ ನೋಡ್ಕೊಳ್ಳೋ ಕೆಲಸ ಸಿಕ್ಕಿತ್ತು. ಅಲ್ಲೊಬ್ಬರು ಭೌತಶಾಸ್ತ್ರದ ಮೇಷ್ಟ್ರು. ಪ್ರಯೋಗ, ಯಂತ್ರ, ಯಾವುದೂ ಇಲ್ಲ. ಪೆನ್ಸಿಲ್ಲು, ಕಾಗದ, ಲೆಕ್ಕ ಅಷ್ಟೇ. ಬೆಳಕನ್ನೂ ನುಂಗಿಬಿಡೋ ಕಪ್ಪು ಕುಳಿಗಳ ಬಗ್ಗೆ ಅವರ ಲೆಕ್ಕ. ಆದರೆ ಕಾಲೇಜಿನ ನಿಯಮದಂತೆ ಯಾವ ಪ್ರಾಜೆಕ್ಟೇ ಆಗಲಿ, ನೈತಿಕ ಸಮಿತಿ ಒಪ್ಪಬೇಕು. ಎಲ್ಲರಿಗೂ ಫಾರಂ ಒಂದೇ, ರೋಗಿಗಳ ಮೇಲಿನ ಸಂಶೋಧನೆಗೆ ಅಂತ ಡಾಕ್ಟರುಗಳು ಮಾಡಿದ್ದು.

'ಅಧ್ಯಯನಕ್ಕೆ ಒಳಪಡುವವರು' ಅನ್ನೋ ಕಡೆ ಮೇಷ್ಟ್ರು 'ಕಪ್ಪು ಕುಳಿಗಳು' ಅಂತ ಬರೆದರು. ನಾನು ಸಮಿತಿಯ ಸೂಪರಿಂಟೆಂಡೆಂಟ್ ಹತ್ತಿರ ಒಯ್ದೆ.

"ವಯಸ್ಸು ಬರ್ದಿಲ್ವಲ್ರೀ. ಹದಿನೆಂಟು ಆಗಿದೆಯಾ?"

ಮೇಷ್ಟ್ರನ್ನ ಕೇಳಿ ಬಂದೆ. "ಕೋಟ್ಯಂತರ ವರ್ಷ ಆಗಿದೆಯಂತೆ ಸಾರ್."

"ಹಾಗಿದ್ರೆ ಹಿರಿಯ ನಾಗರಿಕರು. ಅದಕ್ಕೆ ಬೇರೆ ಅನುಬಂಧ ಇದೆ, ಅದನ್ನೂ ತುಂಬಿಸ್ಕೊಂಡು ಬನ್ನಿ. ಒಪ್ಪಿಗೆ ಪತ್ರ ಎಲ್ಲಿ?"

"ಸಾರ್, ಅವು ಆಕಾಶದಲ್ಲಿವೆ."

"ಖುದ್ದಾಗಿ ಬರೋಕಾಗದಿದ್ರೆ ಹತ್ತಿರದ ಸಂಬಂಧಿಕರು ಸಹಿ ಹಾಕಬಹುದು."

ನಾಲ್ಕು ತಿಂಗಳು ಮೂರು ಮಹಡಿ ಹತ್ತಿ ಇಳಿದೆ. ಮೇಷ್ಟ್ರ ಹತ್ತಿರ ಸಂಶೋಧನೆಗೆ ಸೇರಬೇಕಾಗಿದ್ದ ಹುಡುಗಿ ಕಾದೂ ಕಾದೂ ಬೇರೆ ಊರಿಗೆ ಹೋಗ್ತೀನಿ ಅಂತ ಅಳುತ್ತಾ ಕೂತಳು. ನಾನೇ ಜಗಳ ಆಡಿ, ಸಂಬಂಧಿಕರ ಜಾಗದಲ್ಲಿ ಮೇಷ್ಟ್ರ ಸಹಿ ಹಾಕಿಸಿ ಕೊಟ್ಟೆ. ಕೊನೆಗೂ ಅನುಮತಿ ಬಂತು. ಮೇಷ್ಟ್ರು ಕಾಗದ ಓದ್ತಾ ಓದ್ತಾ ಕೆಂಪಾದರು.

"ಏನಾಯ್ತು ಸಾರ್? ಒಪ್ಪಿದ್ದಾರಲ್ಲ?"

"ಒಂದು ಷರತ್ತು ಹಾಕಿದ್ದಾರೆ. 'ಅಧ್ಯಯನಕ್ಕೆ ಒಳಗಾದವರು ಯಾವ ಹಂತದಲ್ಲಾದರೂ ಹೊರಬರಲು ಸ್ವತಂತ್ರರಾಗಿರತಕ್ಕದ್ದು.' ಕಪ್ಪು ಕುಳಿ ಒಳಗೆ ಹೋದದ್ದು ಹೊರಗೆ ಬರಲ್ಲ ಅನ್ನೋದೇ ನನ್ನ ವಿಷಯ ಕಣಮ್ಮಾ!"

ಎದೆನೋವು, ಕಾಲುನೋವು

ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಮಾತ್ರ ಇದು. ಒಂದು ಮೆಡಿಕಲ್ ಕಾಲೇಜಿನಲ್ಲಿ, ರೋಗಿಯ ಮಾತನ್ನ ಮುಂದೆ ಡಾಕ್ಟರಾಗೋರು ಎಷ್ಟು ಕಿವಿಗೊಟ್ಟು ಕೇಳ್ತಾರೆ ಅನ್ನೋದರ ಸಂಶೋಧನೆ. ಅದಕ್ಕೊಂದು ಪರೀಕ್ಷೆ. ನಾನು ಎದೆನೋವಿನ ರೋಗಿ ಥರ ನಟಿಸಬೇಕು. ಏಳೇಳು ನಿಮಿಷಕ್ಕೆ ಒಬ್ಬೊಬ್ಬ ವಿದ್ಯಾರ್ಥಿ ಬಂದು ವಿಚಾರಿಸ್ತಾನೆ, ಗಂಟೆ ಹೊಡೆದರೆ ಮುಂದಿನವನು. ಮೂಲೆಯಲ್ಲಿ ಪರೀಕ್ಷಕರು ಕೂತು ಮಾರ್ಕ್ಸ್ ಹಾಕ್ತಾರೆ.

ಇಬ್ಬರು ಬಂದು ಹೋದರು. ನೀರು ಕುಡಿಯೋಣ ಅಂತ ಮಂಚದಿಂದ ಇಳಿದೆ. ಮಂಚ ಹತ್ತೋಕೆ ಇಟ್ಟಿದ್ದ ಕಬ್ಬಿಣದ ಮೆಟ್ಟಿಲು ವಾಲಿತು. ಕಾಲು ತಿರುಚಿ 'ಲಟಕ್' ಅಂತು. ಅಮ್ಮಾ ಅಂತ ನೆಲಕ್ಕೆ ಕೂತೆ. ಅಷ್ಟರಲ್ಲಿ ಗಂಟೆ. ಮೂರನೆಯವನು ಒಳಗೆ ಬಂದ.

"ನಮಸ್ಕಾರ ಅಮ್ಮ. ಎದೆನೋವು ಯಾವಾಗ್ನಿಂದ?"

"ಎದೆ ಬಿಡಪ್ಪಾ, ಕಾಲು! ಕಾಲು ಮುರೀತು!"

ಅವನು ಗಾಬರಿಯಾಗಿ ಮೂಲೆಗೆ ತಿರುಗಿದ. "ಸಾರ್, ಪೇಷಂಟ್ ಸಿಲಬಸ್ ಬಿಟ್ಟು ಹೋಗ್ತಿದ್ದಾರೆ."

ಪರೀಕ್ಷಕರು ತಲೆ ಎತ್ತಲಿಲ್ಲ. "ಅಮ್ಮಾ, ನಿಮಗೆ ಕೊಟ್ಟಿರೋದು ಎದೆನೋವು. ಅದನ್ನೇ ಮಾಡಿ."

"ಇದು ನಿಜ ಸಾರ್!"

"ಚೆನ್ನಾಗಿ ಮಾಡ್ತಿದ್ದೀರಿ. ಆದ್ರೆ ಕಾಲಲ್ಲ, ಎದೆ."

ಗಂಟೆ. ನಾಲ್ಕನೆಯವಳು ಬಂದಳು. ನನ್ನ ಪಕ್ಕ ನೆಲದ ಮೇಲೆ ಕೂತು, ಭುಜದ ಮೇಲೆ ಕೈ ಇಟ್ಟು, "ನಿಮ್ಮ ನೋವು ನನಗೆ ಅರ್ಥವಾಗುತ್ತೆ" ಅಂದಳು. ನನಗೆ ದುಃಖ ಉಕ್ಕಿ ಬಂತು, ಸದ್ಯ ಒಬ್ಬಳಿಗಾದ್ರೂ ಕಣ್ಣಿದೆ ಅಂತ. ನೋಡಿದರೆ ಅವಳ ಕಣ್ಣು ಪರೀಕ್ಷಕರ ಪೆನ್ನಿನ ಮೇಲಿತ್ತು. ಅಲ್ಲಿ ಗುರುತು ಬಿದ್ದದ್ದು ಖಾತ್ರಿಯಾದ ಮೇಲೆ ನಿಧಾನವಾಗಿ ಕೇಳಿದಳು, "ನೋವು ಎಡಗೈಗೂ ಹರಡುತ್ತಾ?"

ಕೊನೆಗೆ ನನ್ನನ್ನ ಉಳಿಸಿದ್ದು ನೆಲ ಒರೆಸೋಕೆ ಬಂದ ಆಯಾ, ಹಲಸೂರಿನ ತಮಿಳು ಹೆಂಗಸು. ಒಂದು ಸಲ ನೋಡಿದಳು ಅಷ್ಟೇ.

"ಅಯ್ಯಯ್ಯೋ, ಎನ್ನಮ್ಮಾ ಇದು, ಕಾಲು ಕುಂಬಳಕಾಯಿ ಥರ ಊದಿದೆ! ಏನ್ ಸಾರ್, ಇಷ್ಟು ಜನ ಡಾಕ್ಟ್ರು ಇದ್ದೀರಿ, ಯಾರ್ಗೂ ಕಣ್ಣಿಲ್ವಾ?"

ಆಗ ಪರೀಕ್ಷಕರು ಎದ್ದು ಬಂದರು. ಬಗ್ಗಿ ನೋಡಿದರು. "ಓ, ನಿಜವಾದ ಪೇಷಂಟಾ? ಹಾಗಿದ್ರೆ ಹೊರಗೆ ಹೋಗಿ ಚೀಟಿ ಮಾಡಿಸ್ಬೇಕು. ನಿಜವಾದ ರೋಗಿಗಳನ್ನ ನಾವಿಲ್ಲಿ ನೋಡಲ್ಲ."

ಆಯಾನೇ ಗಾಲಿಕುರ್ಚಿ ತಂದು, ದಾರಿಯುದ್ದಕ್ಕೂ ಅವರ ವಂಶವನ್ನೆಲ್ಲ ತಮಿಳಲ್ಲಿ ಬೈಯ್ತಾ ತಳ್ಕೊಂಡು ಹೋದಳು. ನನಗೆ ತಮಿಳು ಅರ್ಧಂಬರ್ಧ. ಆದರೂ ಅಷ್ಟು ಸಮಾಧಾನ ನನಗೆ ಯಾವ ಔಷಧಿಯೂ ಕೊಟ್ಟಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರಿನ ಕಟ್ಟು.

ಕಟ್ಟು ಹಾಕ್ಕೊಂಡು ಮನೆಯಲ್ಲಿ ಮಲಗಿರುವಾಗ ಕಾಲೇಜಿನಿಂದ ಒಂದು ಲಕೋಟೆ ಬಂತು. ಕ್ಷಮೆ ಕೇಳಿರಬೇಕು ಅಂತ ಒಡೆದೆ. ರೋಗಿಯ ಅಭಿನಯಕ್ಕೆ ವಿದ್ಯಾರ್ಥಿಗಳು ಕೊಟ್ಟ ಅಂಕಪಟ್ಟಿ.

ಎದೆನೋವು: ಹತ್ತಕ್ಕೆ ಒಂಬತ್ತು. ಸಹಜವಾಗಿತ್ತು.

ಕಾಲುನೋವು: ಹತ್ತಕ್ಕೆ ಮೂರು. ನಂಬುವ ಹಾಗಿರಲಿಲ್ಲ.