ಶಾರ್ಕಿಗೆ ತಂಪು ಮಾಡಿದ್ದು

ಫ್ರಿಜ್ ರಿಪೇರಿ ಮಾಡುವವನನ್ನು ಜನ ಏನೇನು ತಂಪು ಮಾಡಲು ಕರೆಯುತ್ತಾರೆ ಅನ್ನುವುದಕ್ಕೆ ಮಿತಿಯೇ ಇಲ್ಲ. ಸೆಕೆಗೆ ಹಾಲು ಕಡಿಮೆ ಮಾಡಿದ ಎಮ್ಮೆಯ ಕೊಟ್ಟಿಗೆಗೆ ಕರೆದವರಿದ್ದಾರೆ. ‘ಹೆಂಡತಿ ಸಿಟ್ಟಾಗ್ಯಾಳ, ಒಂದೀಟು ಬಂದು ನೋಡ್ರಿ’ ಅಂದವರೂ ಇದ್ದಾರೆ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಬೇಸಿಗೆಯಲ್ಲಿ ಸಿಕ್ಕಿದಂಥ ಗಿರಾಕಿ ಮತ್ತೆ ಸಿಗಲಿಲ್ಲ.

ಮೋರಿ

ಆಗ ನನ್ನ ಅಂಗಡಿ ಬೆಳಗಾವಿಯ ಮಹಾಂತೇಶ ನಗರದಲ್ಲಿತ್ತು. ಊರಿಗೆ ಮೀನಿನ ಪ್ರದರ್ಶನವೊಂದು ಬಂದು, ಬಯಲಿನಲ್ಲಿ ತಗಡಿನ ಶೆಡ್ ಹಾಕಿತ್ತು. ಒಂದು ಮಧ್ಯಾಹ್ನ ಅದರ ಮಾಲೀಕರು ಬೆವರು ಒರೆಸಿಕೊಳ್ಳುತ್ತ ಅಂಗಡಿಗೆ ಬಂದರು. ಗೋವಾ ಕಡೆಯವರು. ಕೊಂಕಣಿ, ಮರಾಠಿ, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಿದ್ದರು.

“ನಮ್ಮ ಮೋರಿ ಭಾಳ ಗರಂ ಆಗೈತ್ರಿ. ತಂಪ ಮಾಡಬೇಕು.”

“ಮೋರಿ ಕೆಲಸ ನಾ ಮಾಡೂದಿಲ್ರಿ. ನಗರಪಾಲಿಕಿಗೆ ಹೋಗ್ರಿ,” ಅಂದೆ.

“ಅವರೇನ ಮಾಡ್ತಾರ? ನಿನ್ನೆಯಿಂದ ಏನ ಹಾಕಿದ್ರೂ ಒಳಗ ತಗೋವಲ್ದು.”

ಒಳಗೆ ತೆಗೆದುಕೊಳ್ಳುತ್ತಿಲ್ಲ ಅಂದರೆ ಕಟ್ಟಿಕೊಂಡಿದೆ ಎಂದೇ ನನ್ನ ಲೆಕ್ಕ. “ಉದ್ದಂದೊಂದು ಬಿದಿರ ಕೋಲ ತಗೊಂಡು ಜೋರಾಗಿ ತಿವೀರಿ.”

ಅವರ ಮುಖ ಬಿಳಚಿಕೊಂಡಿತು. “ತಿವದ್ರ ಕಡೀತೈತ್ರಿ!”

ಅತ್ತೆ ಕುಡಿದ ನೀರು

ಗೋವಾದ ಕಡೆ ಶಾರ್ಕಿಗೆ ಮೋರಿ ಅನ್ನುತ್ತಾರೆ ಎಂದು ನನಗೆ ತಿಳಿದದ್ದು ಶೆಡ್ಡಿನೊಳಗೆ ಹೋಗಿ ನೋಡಿದ ಮೇಲೆ. ಗಾಜಿನ ದೊಡ್ಡ ಟಾಕಿಯ ತಳದಲ್ಲಿ ನನ್ನಷ್ಟೇ ಉದ್ದದ ಮೀನು ಮಲಗಿತ್ತು. ಕೆನ್ನೆಯ ಬಾಜುವಿನ ಸೀಳುಗಳು ಮಾತ್ರ ಮೆಲ್ಲಗೆ ತೆರೆದು ಮುಚ್ಚುತ್ತಿದ್ದವು. ಮಾಲೀಕರು ಹೂಂ ಅಂದ ಮೇಲೆ ಏಣಿ ಹತ್ತಿ, ನೀರಿಗೆ ತೋಳು ಇಳಿಬಿಟ್ಟು ಬೆನ್ನು ಮುಟ್ಟಿದೆ. ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ಬಾಲದಿಂದ ತಲೆಯ ಕಡೆಗೆ ಸವರಿದರೆ ಬಡಿಗರ ಪಾಲಿಶ್ ಕಾಗದ! ಅಷ್ಟರಲ್ಲೇ ಅದರ ಮೇಲೆ ನನಗೊಂದು ಮಮತೆ ಹುಟ್ಟಿಬಿಟ್ಟಿತು.

ನೀರು ಉಗುರುಬೆಚ್ಚಗಿತ್ತು. ಸಮುದ್ರದ ತಂಪಿನಲ್ಲಿ ಬೆಳೆದದ್ದು ತಗಡಿನ ಕೆಳಗೆ ಬೇಯುತ್ತಿತ್ತು. ಫ್ರಿಜ್ಜಿನ ತಾಮ್ರದ ನಳಿಗೆ ಇಳಿಬಿಡೋಣವೆಂದರೆ ತಾಮ್ರ ಅದಕ್ಕೆ ವಿಷವಂತೆ. ಐಸ್ ಹಾಕೋಣವೆಂದರೆ ಕರಗಿ ಉಪ್ಪು ಕಡಿಮೆಯಾಗುತ್ತದಂತೆ. ಕಡೆಗೆ ಟಾಕಿಗೆಂದು ತಂದಿದ್ದ ಸಮುದ್ರದ ನೀರನ್ನೇ ಬಾಟಲಿ, ಕ್ಯಾನುಗಳಲ್ಲಿ ತುಂಬಿ, ಬಿರಡೆ ಬಿಗಿದು, ಗಟ್ಟಿಯಾಗಿಸಿ ಟಾಕಿಯಲ್ಲಿ ತೇಲಿಬಿಟ್ಟೆ. ಅಂಗಡಿಗೆ ರಿಪೇರಿಗೆ ಬಂದ ಫ್ರಿಜ್ಜುಗಳೆಲ್ಲ ತುಂಬಿದವು. ಮನೆಯದೂ ತುಂಬಿತು.

ಅದೇ ಹೊತ್ತಿಗೆ ಖಾನಾಪುರದಿಂದ ಅತ್ತೆಯವರು ಬಂದರು. ಬಿಸಿಲಲ್ಲಿ ಬಂದವರು ನೆಟ್ಟಗೆ ಫ್ರಿಜ್ ತೆಗೆದು, ಇನ್ನೂ ಗಟ್ಟಿಯಾಗದ ಬಾಟಲಿಯೊಂದನ್ನು ಎತ್ತಿ ಗಟಗಟ ಕುಡಿದರು. ಕುಡಿದದ್ದಕ್ಕಿಂತ ಉಗುಳಿದ್ದೇ ಹೆಚ್ಚು.

“ಯವ್ವಾ, ಅದು ಶಾರ್ಕಿನ ನೀರ!” ನನ್ನ ಹೆಂಡತಿ ಓಡಿ ಬಂದಳು.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಇರ್ಲಿ ಅಳ್ಯಾರ, ಕೇಳಲಾರದ ಕುಡಿದೆ. ಒಂದ ಮಾತ ಹೇಳ್ರಿ. ಇದು ಅದು ಕುಡಿಯೂ ನೀರೋ, ಮೈ ತೊಳಕೊಳ್ಳೂ ನೀರೋ?”

ಮೀನಿಗೆ ಎರಡೂ ಒಂದೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ರಬ್ಬರ್

ನೀರು ತಂಪಾಯಿತು, ಶಾರ್ಕ್ ಉಣ್ಣತೊಡಗಿತು. ಆದರೆ ಉಂಡ ಮೇಲೆ ಮತ್ತೆ ಅದೇ ನಿದ್ದೆ. ರಾಮತೀರ್ಥ ನಗರದ ಗೃಹಸ್ಥರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದವರು ಗಾಜಿಗೆ ಬಡಿದು, ನಾಕು ಮಂದಿಗೆ ಕೇಳುವಂತೆ ಸಾರಿದರು: “ರಬ್ಬರಿಂದ ಐತಿ. ಒಳಗ ಗಾಳಿ ತುಂಬ್ಯಾರ. ನಮ್ಮನ್ನ ಹುಚ್ಚ ಮಾಡಾಕತ್ತಾರ.”

ಮಾಲೀಕರಿಗೆ ರೇಗಿತು. ಏಣಿ ಹತ್ತಿ ಬಂಗಡೆ ಮೀನೊಂದನ್ನು ಇಳಿಬಿಟ್ಟರು. ಮಲಗಿದ್ದ ಶಾರ್ಕ್ ಎದ್ದದ್ದೇ ಕಾಣಲಿಲ್ಲ. ಛಟ್ಟನೆ ಸದ್ದಾಯಿತು, ನೀರು ಮೇಲಿಂದ ಜನರ ತಲೆಗೆ ಚಿಮ್ಮಿತು. ಕಣ್ಣು ಒರೆಸಿಕೊಂಡು ನೋಡಿದರೆ ಗೃಹಸ್ಥರಿಲ್ಲ! ಶೆಡ್ಡಿನ ಹೊರಗಿನಿಂದ ದನಿ ಕೇಳಿಸಿತು: “ಖರೇ ಐತ್ರಿ! ಖರೇ ಐತಿ!”

ಅವರ ಹೆಂಡತಿ ಮಾತ್ರ ಗಾಜಿಗೆ ಮೂಗು ಹಚ್ಚಿ ನಿಂತೇ ಇದ್ದರು. “ಇನ್ನೊಂದು ಮೀನ ಹಾಕ್ರಿ,” ಅಂದರು, “ಅವರು ಮನೀ ಮುಟ್ಲಿ.”

ಖಾನಾಪುರದ ಗಾಳಿ

ಬಿಸಿಲು ಏರುತ್ತಲೇ ಹೋಯಿತು. ಕರೆಂಟು ಹೋಗುವುದು ಹೆಚ್ಚಿದಂತೆ ನನ್ನ ಬಾಟಲಿಗಳು ಗಟ್ಟಿಯಾಗದಾದವು. ಶಾರ್ಕ್ ಮತ್ತೆ ಊಟ ಬಿಟ್ಟಿತು. ಮಾಲೀಕರು ಟಾಕಿಯ ಮುಂದೆ ಕುಂತು, “ಇದನ್ನ ಸಾಯಿಸಿದ ಪಾಪ ನನಗ ಬ್ಯಾಡ. ಸಮುದ್ರಕ್ಕ ಬಿಟ್ಟ ಬರೂಣು, ನೀವೂ ಬರ್ರಿ,” ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಅಂಗಡಿ ಮುಚ್ಚಿದೆ.

ಲಾರಿಯ ಮೇಲೆ ಫೈಬರ್ ಟಾಕಿ, ಅದರೊಳಗೆ ಶಾರ್ಕ್. ನೀರಿಗೆ ಗಾಳಿ ಊದಲು ಬ್ಯಾಟರಿಯ ಪಂಪು. ಖಾನಾಪುರ ಮುಟ್ಟುವಷ್ಟರಲ್ಲಿ ಆ ಪಂಪು ಸುಟ್ಟು ಹೋಯಿತು. ಶಾರ್ಕ್ ಒಂದು ಮಗ್ಗುಲಿಗೆ ವಾಲತೊಡಗಿತು. ಎದುರಿಗೆ ಕಂಡದ್ದು ಸೈಕಲ್ ಅಂಗಡಿ. ಕರೆಂಟಿಲ್ಲದೆ ಅಲ್ಲಿಯ ಗಾಳಿ ಹಾಕುವ ಮಷೀನೂ ಬಂದ್ ಆಗಿತ್ತು.

ವಿಷಯ ಕೇಳಿದ ಅಂಗಡಿಯವರು ಕಾಲಿನಿಂದ ಒತ್ತುವ ಪಂಪು ಹೊತ್ತು ಲಾರಿ ಹತ್ತಿದರು. ರಬ್ಬರ್ ನಳಿಗೆಗೆ ದಬ್ಬಣದಿಂದ ತೂತು ಹೊಡೆದು ನೀರಿಗಿಳಿಸಿ ಒತ್ತತೊಡಗಿದರು. ಗುಳ್ಳೆ ಎದ್ದವು. ಜನ ಕೂಡಿತು. ದಣಿದವರು ಇಳಿದರೆ ಇನ್ನೊಬ್ಬರು ಹತ್ತುತ್ತಿದ್ದರು. ಕೆಳಗಿದ್ದವರು “ಜೋರ್ ಲಾವಾ!” ಎಂದು ಮರಾಠಿಯಲ್ಲೂ, “ಒತ್ತೋ, ಒತ್ತೋ!” ಎಂದು ಕನ್ನಡದಲ್ಲೂ ಹುರಿದುಂಬಿಸುತ್ತಿದ್ದರು.

ನಡುವೆ ಒಬ್ಬ ಅಜ್ಜ ಸೈಕಲ್ ನೂಕಿಕೊಂಡು ಬಂದ. “ಏನಾಗೈತಿ?”

“ಮೀನಿಗೆ ಉಸಿರ ಕಡಿಮಿ ಆಗೈತಿ, ಯಜ್ಜಾ.”

“ದವಾಖಾನಿಗೆ ಒಯ್ಯೂದ ಬಿಟ್ಟು ಸೈಕಲ್ ಅಂಗಡಿಗೆ ತಂದೀರಿ?”

ಅಂಗಡಿಯವರು ಒತ್ತುತ್ತಲೇ ಹೇಳಿದರು: “ಡಾಕ್ಟರ್ ಕಡೆ ಪಂಪ್ ಇಲ್ಲೋ ಯಪ್ಪಾ.”

ಶಾರ್ಕ್ ನೆಟ್ಟಗಾಯಿತು. ಜನ ಚಪ್ಪಾಳೆ ತಟ್ಟಿದರು. ಆ ಪಂಪನ್ನೇ ಕೈಗಡ ತೆಗೆದುಕೊಂಡು, ಘಟ್ಟ ಇಳಿಯುವ ಉದ್ದಕ್ಕೂ ನಾನೂ ಮಾಲೀಕರೂ ಸರದಿಯಲ್ಲಿ ಒತ್ತಿದೆವು. ಸಮುದ್ರ ದಂಡೆಯ ಮೀನುಗಾರರು ದೋಣಿಯಲ್ಲಿ ಒಯ್ದು ಇಳಿಸಿದಾಗ ಅದು ಒಂದು ಕ್ಷಣ ನಿಂತು, ಬಾಲ ಬೀಸಿ, ಹೊರಟೇ ಹೋಯಿತು. ಮಾಲೀಕರು ಕೈ ಬೀಸುತ್ತಲೇ ಇದ್ದರು.

ಪಂಪು ಮರಳಿಸಲು ಹೋದಾಗ ಖಾನಾಪುರದ ಅಂಗಡಿಗೆ ಹೊಸ ಬೋರ್ಡು ಬಂದಿತ್ತು. ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪಕ್ಷರ: ‘ಇಲ್ಲಿ ಸೈಕಲ್, ಸ್ಕೂಟರ್ ಹಾಗೂ ಶಾರ್ಕ್‌ಗಳಿಗೆ ಗಾಳಿ ಹಾಕಲಾಗುವುದು.’

“ಮತ್ಯಾವುದಾರ ಶಾರ್ಕ್ ಬಂತೇನ್ರಿ?” ಕೇಳಿದೆ.

“ಇನ್ನೂ ಬಂದಿಲ್ರಿ,” ಅಂದರು ಗಂಭೀರವಾಗಿ. “ಆದ್ರ ಏನಿದು ಅಂತ ಕೇಳಾಕ ನಿಂತವ್ರೆಲ್ಲಾ ತಮ್ಮ ಗಾಡಿಗೆ ಗಾಳಿ ಹಾಕಿಸ್ಕೊಂಡ ಹೊಂಟಾರ.”