ಮೈದುನನ ಮರಪರೀಕ್ಷೆ

ನನ್ನ ಮೈದುನನನ್ನು ಸಾವಿನ ಮನೆಗೆ ಕರೆದುಕೊಂಡು ಹೋಗಬಾರದು. ಮದುವೆ ಮನೆಗೂ ಕರೆದುಕೊಂಡು ಹೋಗಬಾರದು. ಆದರೆ ಅಲ್ಲಿ ಊಟದ ಗಲಾಟೆಯಲ್ಲಿ ಜನ ಕ್ಷಮಿಸುತ್ತಾರೆ!

ತಿರುವನಂತಪುರದಲ್ಲಿ ರಾಕೆಟ್ಟಿನ ಬಿಡಿಭಾಗಗಳನ್ನು ಬಗ್ಗಿಸಿ, ಸುಟ್ಟು, ಮುರಿದು ನೋಡುವುದೇ ಕೆಲಸವಾಗಿದ್ದ ವಿಜ್ಞಾನಿ. ಮದುವೆಯಾಗಲಿಲ್ಲ, ಯಾವಳೋ ಬಚಾವಾದಳು. ರಿಟೈರ್ ಆದಮೇಲೆ ಹಿಡಿದದ್ದು ಅಗ್ಗದ ಎಲೆಕ್ಟ್ರಿಕ್ ಗಿಟಾರುಗಳ ರಿಪೇರಿ. ಕಾಲೇಜು ಮಕ್ಕಳು, ಚರ್ಚಿನ ಕ್ವೈರ್‌ನವರು ಗೇಟಿನಲ್ಲಿ ಸಾಲು ನಿಲ್ಲುತ್ತಿದ್ದರು. ಗಿಟಾರಿನ ಕತ್ತಿನ ಮೇಲೆ ಬೆರಳು ಓಡಾಡುವ ಪಟ್ಟಿ ಇದೆಯಲ್ಲ, ಫ್ರೆಟ್‌ಬೋರ್ಡು, ಅದು ಯಾವ ಮರ ಎಂದು ತೀರ್ಮಾನವಾಗದೆ ಈತ ಮುಟ್ಟುತ್ತಿರಲಿಲ್ಲ. ಕಂಪನಿಯವರು ರೋಸ್‌ವುಡ್ ಎನ್ನುತ್ತಾರೆ. ಅದು ನಮ್ಮ ಬೀಟೆಯೇ ಇರಬಹುದು, ಮತ್ತಿಯೂ ಇರಬಹುದು, ಕಪ್ಪು ಬಣ್ಣ ಕುಡಿಸಿದ ಯಾವುದೋ ಬಡಪಾಯಿ ಮರವೂ ಇರಬಹುದು. ಬೀಟೆ, ಮತ್ತಿ ಎಣ್ಣೆ ಕುಡಿಯುತ್ತವೆ. ವಾರ್ನಿಷ್ ಹಾಕಿದ ಮೇಪಲ್ ಮರಕ್ಕೆ ಎಣ್ಣೆಯೂ ಬೇಡ, ಉಜ್ಜುವುದಂತೂ ಕೂಡದು. ಇದೆಲ್ಲ ಕಣ್ಣಿನ ಕೆಲಸ. ಆತನ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಹೊರಟು ನಿಂತಿತ್ತು.

ಸಾವಿನ ಮನೆ ಎಂದೆನಲ್ಲ. ಫೋರ್ಟ್ ಕೊಚ್ಚಿಯಲ್ಲಿ ನಮ್ಮ ಯಜಮಾನರ ಬ್ಯಾಂಕಿನ ಹಳೆಯ ಸಹೋದ್ಯೋಗಿ ತೀರಿಕೊಂಡಿದ್ದರು. ಚರ್ಚಿನಲ್ಲಿ ಎಲ್ಲರೂ ರೋಸರಿ ಹಿಡಿದು ನಿಂತಿದ್ದರೆ ನಮ್ಮ ಮೈದುನ ಒದ್ದೆ ಕರ್ಚೀಫಿನಿಂದ ಶವಪೆಟ್ಟಿಗೆಯ ಮೂಲೆ ಉಜ್ಜಿದ! ಕರ್ಚೀಫು ಕಂದಾಯಿತು.

“ಅತ್ತಿಗೆ, ಇದು ತೇಗ ಅಲ್ಲ. ಬರೀ ಬಣ್ಣ!”

ಪಿಸುಗುಟ್ಟಿದ್ದೆ ಎಂದು ಈಗಲೂ ವಾದಿಸುತ್ತಾನೆ. ಚರ್ಚಿಗೆಲ್ಲ ಕೇಳಿಸಿತು. ಪಾಪ, ಆ ವಿಧವೆ ಕಣ್ಣೊರೆಸಿಕೊಂಡು, “ಸಾರಮಿಲ್ಲ ಸಾರೇ” ಎಂದರು. ಪರವಾಗಿಲ್ಲ ಸಾರ್, ಪೆಟ್ಟಿಗೆಯ ಒಳಗಿರುವವರೂ ಅಷ್ಟೇನೂ ಒರಿಜಿನಲ್ ಆಗಿರಲಿಲ್ಲ ಎಂದೂ ಸೇರಿಸಿದರು!

ಆಮೇಲೆ ನಾವಿರುವ ಎರ್ನಾಕುಲಂನ ಕಣ್ಣಾಸ್ಪತ್ರೆ. ಡಾಕ್ಟರು ಒಳ್ಳೆಯ ಇಂಗ್ಲಿಷಿನಲ್ಲಿ, ಬಹಳ ಜೆಂಟಲ್ ಆಗಿ, ಉಳಿದ ಕಣ್ಣೂ ಉಳಿಯುವುದಿಲ್ಲ ಎಂದರು. ಲಿಫ್ಟಿನಲ್ಲಿ ಆತನೇ, “ಅಷ್ಟರೊಳಗೆ ಬೆರಳಿಗೆ ಕಲಿಸ್ಬೇಕು ಅತ್ತಿಗೆ. ನಡೀರಿ, ಅಂಗಡಿಗೆ ಹೋಗೋಣ” ಎಂದ.

ಗಿಟಾರಿನಂಗಡಿಯಲ್ಲಿ ಕಣ್ಣು ಮುಚ್ಚಿ ಒಂದೊಂದನ್ನೇ ಸವರತೊಡಗಿದ. ಉಗುರಿನಿಂದ ಮೆಲ್ಲಗೆ ಗೀರುವುದು, ಮೂಸುವುದು, “ಬೀಟೆ” ಎನ್ನುವುದು, ಕಣ್ಣು ಬಿಟ್ಟು ನೋಡಿ, “ಥೂ!” ಎನ್ನುವುದು. ಅಂಗಡಿಯವನು ನಕ್ಕು, “ಸಾರೇ, ಕಾಣಾನ್ ಫ್ರೀ ಆಣು!” ಎಂದ.

ನೋಡುವುದು ಫ್ರೀಯಂತೆ! ಆಗಷ್ಟೇ ಆ ಆಸ್ಪತ್ರೆಯಿಂದ ಬಂದ ನಮಗೆ! ಮೈದುನ ಗೋಡೆ ಹಿಡಿದುಕೊಂಡು ನಕ್ಕ. ನಾನು ಬೀದಿಯ ಕಡೆ ಮುಖ ತಿರುಗಿಸಿ ನಿಂತೆ.

ಬೆರಳು ಕಲಿಯುವ ಮೊದಲೇ ಕಣ್ಣು ಹೋಯಿತು. ಹಟಮಾರಿ, ಕೆಲಸ ಬಿಡಲಿಲ್ಲ. ಕ್ವೈರ್ ಹುಡುಗಿಯೊಬ್ಬಳ ಗಿಟಾರನ್ನು ಬೀಟೆ ಎಂದುಕೊಂಡು ಉಕ್ಕಿನ ನಾರಿನಿಂದ ಚೆನ್ನಾಗಿ ಉಜ್ಜಿದ. ಅದು ಮೇಪಲ್. ಕನ್ನಡಿಯಂತಿದ್ದ ವಾರ್ನಿಷ್ ಬಿಳಿಚಿಕೊಂಡು, ಸುಣ್ಣದ ಗೋಡೆಯಾಯಿತು. ಹುಡುಗಿ ಬೈದಿದ್ದರೂ ಆಗುತ್ತಿತ್ತು. “ಇಟ್ಸ್ ಓಕೆ ಅಂಕಲ್” ಎಂದುಬಿಟ್ಟಳು. ಅವತ್ತಿನಿಂದ ಗೇಟಿಗೆ ಬೀಗ. ಫೋನು ಮಾಡಿದರೆ, “ಯಾರಾದ್ರೂ ಕೇಳಿದ್ರೆ ಸತ್ತ ಅನ್ನಿ ಅತ್ತಿಗೆ” ಎನ್ನುತ್ತಿದ್ದ.

“ಪೆಟ್ಟಿಗೆ ಯಾವ ಮರದ್ದು ಅಂತ ಕೇಳಿದ್ರೆ?” ಎಂದೆ. ನಗಲಿಲ್ಲ.

ಪಕ್ಕದ ಫ್ಲ್ಯಾಟಿನವರ ಗಿಟಾರನ್ನು ಬೇಡಿ ತೆಗೆದುಕೊಂಡು ಬೆಳಗಿನ ರೈಲು ಹತ್ತಿದೆ. ಬಿಳಿ ಕೂದಲು, ಕಾಟನ್ ಸೀರೆ, ಮಂಡಿನೋವು, ಹೆಗಲಿಗೆ ಎಲೆಕ್ಟ್ರಿಕ್ ಗಿಟಾರು! ಟಿಕೆಟ್ ನೋಡುವವನು, “ಪ್ರೋಗ್ರಾಂ ಎವಿಡೆಯಾ ಅಮ್ಮಚ್ಚೀ?” ಎಂದು ಕಿಚಾಯಿಸಿದ. “ತಿರುವನಂತಪುರ. ಒಬ್ಬನೇ ಆಡಿಯನ್ಸು” ಎಂದೆ.

ಬೀಗ ತೆಗೆಸಿ, ಗಿಟಾರನ್ನು ಆತನ ತೊಡೆಯ ಮೇಲಿಟ್ಟೆ. ಬೇಡ, ಬೇಡ ಎನ್ನುತ್ತಲೇ ಬೆರಳು ಪಟ್ಟಿಯ ಮೇಲೆ ಹೋಯಿತು. ಮೇಲಕ್ಕೆ, ಕೆಳಕ್ಕೆ. ಬಹಳ ಹೊತ್ತು.

“ವಾರ್ನಿಷ್ ಇಲ್ಲ. ಬೀಟೆ ಅಲ್ಲ... ಮತ್ತಿ. ಅಲ್ವಾ ಅತ್ತಿಗೆ?”

ಕನ್ನಡಕ ಏರಿಸಿ ಬಗ್ಗಿ ನೋಡಿದೆ. ನನಗೆ ಕಂದು ಎಂದರೆ ಕಂದು, ಅಷ್ಟೆ. “ಕರೆಕ್ಟ್!” ಎಂದೆ, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳ ಗತ್ತಿನಲ್ಲಿ.

ಆತ ಪಟ್ಟಿಯನ್ನು ಇನ್ನೊಮ್ಮೆ ಸವರಿದ.

“ನಿಮಗೇನೂ ಗೊತ್ತಿಲ್ಲ ಅಂತ ನಂಗೊತ್ತು ಅತ್ತಿಗೆ.”

ನಾನು ಕನ್ನಡಕ ತೆಗೆದೆ.

“ಇನ್ನೊಂದ್ಸಲ ಹೇಳಿ.”

“ಕರೆಕ್ಟ್” ಎಂದೆ. ಎಣ್ಣೆಗಾಗಿ ಕೈ ಚಾಚಿದ.