ನಾಲ್ಕನೆಯ ಕಪ್ಪು

ಇನ್ನು ಈ ಜನ್ಮದಲ್ಲಿ ಹಾಲು ಬೆರೆತ ಚಹಾ ತಮ್ಮ ತುಟಿಗೆ ತಾಗದು ಎಂದು ಅಮರನಾಥ ಮಾಸ್ತರರು ಘೋಷಿಸಿದಾಗ ಅವರ ಹೆಂಡತಿ ರಾಜೇಶ್ರೀ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ನಿಲ್ಲಲಿಲ್ಲ.

"ಸಕ್ಕರಿ?" ಎಂದಷ್ಟೇ ಕೇಳಿದಳು.

"ಸಕ್ಕರಿನೂ ಇಲ್ಲ. ಹಾಲು, ಸಕ್ಕರಿ ಹಾಕೋದು ಅಂದ್ರ ಚಹಾಕ್ಕ ಅಪಮಾನ ಮಾಡಿದಂಗ."

"ಹಂಗಿದ್ರ ಇಪ್ಪತ್ತೆರಡು ವರ್ಷದಿಂದ ದಿನಾ ಎರಡು ಸಲ ಅಪಮಾನ ಮಾಡೀನಿ ಅನ್ರಿ. ನೀವು ಕೂತು ಕುಡದೀರಿ."

ಮಾಸ್ತರರ ಮನೆ ಕಲಬುರಗಿಯ ಗಾಜಿಪುರದಲ್ಲಿ. ಕೆಲಸ ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವುದು. ದಿನವೂ ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಚಹಾ ಪಂಡಿತರ ವಿಡಿಯೊ ನೋಡಿ ನೋಡಿ ಅವರಿಗೆ ಈ ಜ್ಞಾನೋದಯವಾಗಿತ್ತು. ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ ಎಂದು ಮೂರು ಪೊಟ್ಟಣ ತರಿಸಿದರು. ಪಂಡಿತರು ಹೇಳಿದಂತೆ ಚಮಚದಲ್ಲಿ ತೆಗೆದುಕೊಂಡು ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಸುರ್ರೆಂದು ಹೀರಿದರು. ಮೊದಲ ದಿನ ಮೂರೂ ಒಂದೇ ಕಹಿ ಅನ್ನಿಸಿತು. ಎರಡನೆಯ ದಿನ ಮೂರೂ ಬೇರೆ ಬೇರೆ ಕಹಿ ಅನ್ನಿಸಿತು. ಮೂರನೆಯ ದಿನಕ್ಕೆ ಅವರು ತಮ್ಮನ್ನು ಪಂಡಿತರೆಂದೇ ತಿಳಿದರು.

ಅಷ್ಟಕ್ಕೇ ನಿಂತಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಅವರು ಸ್ಟಾಫ್‌ರೂಮಿನಲ್ಲಿ ಬಾಯಿಬಿಟ್ಟರು.

"ಕಣ್ಣು ಕಟ್ಟಿ ಕೊಡ್ರಿ. ಯಾವ ಚಹಾ, ಯಾವ ಗುಡ್ಡದ್ದು, ಹೇಳ್ತೇನಿ."

ಉರ್ದು ಕಲಿಸುವ ಪರ್ವೇಜ್ ಪತ್ರಿಕೆ ಮಡಚಿಟ್ಟ. "ಆತು ಸರ್. ಐತವಾರ ನಮ್ಮ ಚಾಚಾನ್ನ ಕರ್ಕೊಂಡು ಬರ್ತೇನಿ. ಶಹಾಬಜಾರದಾಗ ನಲವತ್ತು ವರ್ಷ ಚಹಾದ ಹೋಟಲ್ ನಡೆಸ್ಯಾರ. ಅವರ ಮುಂದ ಹೇಳ್ರಿ. ತಪ್ಪಿದ್ರ ಸೋಮವಾರ ದೊಡ್ಡ ಬಾಯಿಯವರ ಬೀಳ್ಕೊಡುಗಿದಾಗ ಎಲ್ಲರ ಎದುರಿಗೆ ಹಾಲಿನ ಚಹಾ ಕುಡೀಬೇಕು."

ದೊಡ್ಡ ಬಾಯಿ ಎಂದರೆ ಹೆಡ್‌ಮಿಸ್ಟ್ರೆಸ್ ಇಮಾಮಬಿ. ಆ ಸೋಮವಾರ ಅವರು ನಿವೃತ್ತರಾಗುವವರಿದ್ದರು; ಎಲ್ಲರೂ ಮನೆಮಂದಿಯನ್ನು ಕರೆದುಕೊಂಡು ಬರಬೇಕೆಂದು ಅವರ ಅಪ್ಪಣೆಯಾಗಿತ್ತು. ಇಡೀ ಶಾಲೆಯ ಎದುರು ಮರ್ಯಾದೆ ಹೋಗುವ ಮಾತು. ಆದರೂ ಮಾಸ್ತರರು ಎದೆಯುಬ್ಬಿಸಿ ಕೈ ಕುಲುಕಿದರು.

ಭಾನುವಾರ ಒಂಬತ್ತಕ್ಕೇ ಮೂರೂ ಚಹಾ ಕುದಿಸಿ ಮೂರು ಸ್ಟೀಲಿನ ತಂಬಿಗೆಗೆ ಸೋಸಿ, ಕೆಳಗೆ ಒಂದೊಂದು ಹೆಸರಿನ ಚೀಟಿ ಇಟ್ಟರು. ಆರಿದ ಮೇಲೆಯೇ ಚಹಾದ ನಿಜಗುಣ ತಿಳಿಯುತ್ತದೆಂದು ವಿಡಿಯೊದಲ್ಲಿ ಹೇಳಿದ್ದರು. ಪಿಯುಸಿ ಓದುವ ಮಗಳು ಪ್ರೀತಿಗೆ ಕೆಲಸ ಒಪ್ಪಿಸಿದರು.

"ಅವರು ಬಂದ ಕೂಡಲೇ ಅಡಗಿಮನಿ ಕಟ್ಟಿ ಮ್ಯಾಲಿನ ತಂಬಿಗಿಗಳದಾಗಿಂದು ಕಪ್ಪಿನ್ಯಾಗ ಹಾಕ್ಕೊಂಡು ಒಂದೊಂದೇ ತಗೊಂಡು ಬಾ. ಯಾವುದು ಯಾವುದು ಅಂತ ನನಗ ಹೇಳಬ್ಯಾಡ."

ಹನ್ನೊಂದಕ್ಕೆ ಪರ್ವೇಜ್ ಬಂದ. ಜೊತೆಗೆ ಬಿಳಿ ಗಡ್ಡದ, ಮೆತ್ತಗಿನ ಮಾತಿನ ಚಾಚಾ ನಬಿಸಾಬರು. ಮಾಸ್ತರರ ಕಣ್ಣಿಗೆ ಓಢಣಿ ಕಟ್ಟಲಾಯಿತು. ಮೂವರಿಗೂ ಮೊದಲ ಕಪ್ಪು ಬಂತು. ಸುರ್ರ್.

"ನೀಲಗಿರಿ," ಎಂದರು ಮಾಸ್ತರರು. ಎರಡನೆಯದಕ್ಕೆ ಸ್ವಲ್ಪ ತಡವರಿಸಿ "ಅಸ್ಸಾಂ" ಎಂದರು. ಮೂರನೆಯದಕ್ಕೆ ಯೋಚಿಸುವ ಅಗತ್ಯವೇ ಇರಲಿಲ್ಲ, ಉಳಿದಿದ್ದೇ ಒಂದು. "ಡಾರ್ಜಿಲಿಂಗ್," ಎಂದು ಓಢಣಿಗೆ ಕೈ ಹಾಕಿದರು.

"ಇನ್ನೊಂದದ ಪಪ್ಪಾ," ಎಂದಳು ಪ್ರೀತಿ.

ಮಾಸ್ತರರ ಕೈ ಅಲ್ಲೇ ನಿಂತಿತು. ಕುದಿಸಿದ್ದು ಮೂರು, ಸೋಸಿದ್ದು ಮೂರು. ನಾಲ್ಕನೆಯದು ಎಲ್ಲಿಂದ ಬಂತು? ಗಣಿತ ಕಲಿಸುವ ತಲೆ ಗಿರ್ರೆಂದಿತು. ಎಲ್ಲಿಯದೆಂದು ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ಪರ್ವೇಜನೇ ಹುಡುಗಿಯ ಕೈಗೆ ಏನೋ ಕೊಟ್ಟು ಪರೀಕ್ಷೆ ಮಾಡುತ್ತಿರಬೇಕೆಂದು ನಿಶ್ಚಯಿಸಿ ಹೀರಿದರು. ನಾಲಗೆ ಒಳಕ್ಕೆ ಮುದುಡಿಕೊಂಡಿತು. ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡಂತಾಯಿತು.

"ಇದು," ಎಂದು ಗಂಟಲು ಸರಿಮಾಡಿಕೊಂಡರು, "ಇದು ಭಾಳ ದೊಡ್ಡ ಚಹಾ. ನೂರು ವರ್ಷದ ಗಿಡ ಇರಬೇಕು. ಬೆಳೆದ ಮಣ್ಣಿನ್ಯಾಗ ಕಬ್ಬಿಣದ ಅಂಶ ಅದ. ಹಿಂದಿನಿಂದ ಸಣ್ಣಗ ಲವಂಗದ ಸುವಾಸನಿ ಬರ್ತದ. ಚಾಚಾ, ನೀವೇನಂತೀರಿ?"

ನಬಿಸಾಬರು ಕಪ್ಪನ್ನು ತುಟಿಗೆ ತಾಗಿಸಿ ಮೆಲ್ಲಗೆ ಕೆಳಗಿಟ್ಟರು. "ನಲವತ್ತು ವರ್ಷದಾಗ ಇಂಥಾ ಚಹಾ ನಾ ಕುಡಿದಿಲ್ರೀ ಸರ್," ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ.

ಅಷ್ಟರಲ್ಲಿ ಒಳಗಿನಿಂದ ರಾಜೇಶ್ರೀಯ ದನಿ ಬಂತು. "ಲವಂಗ ಅಂದವರು ಯಾರು?"

ಮಾಸ್ತರರು ಓಢಣಿ ಕಿತ್ತರು. ರಾಜೇಶ್ರೀ ತಲೆಗೆಲ್ಲ ಮೆಹಂದಿ ಮೆತ್ತಿಕೊಂಡು, ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾಳಿನ ಸಮಾರಂಭಕ್ಕೆಂದು ಅವಳ ತಯಾರಿ ನಡೆದಿತ್ತು.

"ಕಬ್ಬಿಣದ ಕಡಾಯಿದಾಗ ಚಹಾಪುಡಿ, ನಾಲ್ಕು ಲವಂಗ ಹಾಕಿ ತಾಸುಗಟ್ಟಲೆ ಕುದಿಸಿ ತಂಬಿಗಿದಾಗ ಆರಾಕ ಇಟ್ಟಿದ್ದೆ. ಮೆಹಂದಿ ಕಲಸಾಕ, ಕೂದಲಿಗೆ ಕಪ್ಪು ಬರಲಿ ಅಂತ. ಅದೇ ಏನು ನೀವು ಕುಡಿಯಾಕತ್ತಿದ್ದು?"

ಪರ್ವೇಜ್ ತನ್ನ ಕಪ್ಪನ್ನು ಟೀಪಾಯಿಯ ಕೆಳಗೆ ಸರಿಸಿದ.

"ಅದು ಇಲ್ಲಿದ್ರ," ಎಂದಳು ಅವಳು ತಲೆ ಮುಟ್ಟಿ ನೋಡಿಕೊಳ್ಳುತ್ತ, "ನಾ ಮೆಹಂದಿದಾಗ ಹಾಕಿದ್ದು ಯಾವುದು?"

ಎಲ್ಲರೂ ಅಡುಗೆಮನೆಗೆ ಧಾವಿಸಿದರು. ಒಂದೇ ಅಂಗಡಿಯ, ಒಂದೇ ಅಳತೆಯ ನಾಲ್ಕು ತಂಬಿಗೆಗಳು ಸಾಲಾಗಿ ಕುಳಿತಿದ್ದವು. ಎಲ್ಲದರೊಳಗೂ ತಳದಲ್ಲಿ ಇಷ್ಟಿಷ್ಟು ಕರಿ ನೀರು.

"ಚೀಟಿ ನೋಡ್ರಿ," ಎಂದರು ಮಾಸ್ತರರು. "ಚೀಟಿ ಸುಳ್ಳು ಹೇಳಂಗಿಲ್ಲ."

"ಚೀಟಿ ನೀರಾಗ ತೊಯ್ದಿದ್ವು ಪಪ್ಪಾ," ಎಂದಳು ಪ್ರೀತಿ. "ಕಟ್ಟಿ ಒರಸೋವಾಗ ತಂಬಿಗಿನೂ ಸರಿಸಿ, ಚೀಟಿ ತಗದು ಆಮ್ಯಾಲೆ ಒಂದೊಂದರ ಕೆಳಗ ಇಟ್ಟೀನಿ. ಮೊದಲು ಹ್ಯಾಂಗಿದ್ವು ಹಂಗೇ ಇಟ್ಟೀನಂತ ಹೇಳಾಕ ಬರಂಗಿಲ್ಲ."

ಮಾಸ್ತರರು ಒಂದು ತಂಬಿಗೆ ಮೂಸಿದರು, ಇನ್ನೊಂದು ಮೂಸಿದರು, ಮತ್ತೆ ಮೊದಲಿನದಕ್ಕೆ ಬಂದರು. ಎಲ್ಲಕ್ಕೂ ಲವಂಗದ ವಾಸನೆಯೇ. ಅದು ತಂಬಿಗೆಯದೋ ತಮ್ಮ ಮೂಗಿನದೋ ಎಂಬುದೂ ತಿಳಿಯದೆ ಕುಳಿತುಬಿಟ್ಟರು.

"ಹಂಗಿದ್ರ ಸರ್ ಗೆದ್ದಾರೋ, ಸೋತಾರೋ?" ಎಂದ ಪರ್ವೇಜ್.

ನಬಿಸಾಬರು ಮಾಸ್ತರರ ಹೆಗಲ ಮೇಲೆ ಕೈಯಿಟ್ಟರು. "ಸೋಲು ಗೆಲುವು ಇರಲಿ. ನಾಳಿ ಫಂಕ್ಷನ್ನಾಗ ನಾನೇ ಹಾಲಿನ ಚಹಾ ಮಾಡ್ತೇನಿ. ಒಂದು ಕಪ್ ಕುಡೀರಿ ಸರ್, ಬಾಯಿ ಸಾಫ್ ಆಗ್ತದ." ಮಾಸ್ತರರು ಕನ್ನಡಿಯಲ್ಲಿ ನಾಲಗೆ ನೋಡಿಕೊಂಡರು. ಮಕ್ಕಳು ಬರೆಯುವ ಪಾಟಿಯ ಕರಿ ಬಣ್ಣಕ್ಕೆ ತಿರುಗಿತ್ತು.

ಮಧ್ಯಾಹ್ನ ರಾಜೇಶ್ರೀ ತಲೆ ತೊಳೆದಳು. ಕಬ್ಬಿಣದ ಕಷಾಯವಿಲ್ಲದ ಮೆಹಂದಿ ಬೆಳ್ಳಿಗೂದಲನ್ನೆಲ್ಲ ಹುಡುಕಿ ಹುಡುಕಿ ಕಿತ್ತಳೆ ಬಣ್ಣ ಬಳಿದಿತ್ತು.

"ಕಪ್ಪು ನಿಮ್ಮ ಕಪ್ಪಿನ್ಯಾಗ ಹೋತು, ಕೆಂಪು ನನ್ನ ತಲಿಗಿ ಬಂತು," ಎಂದಳು.

ಸೋಮವಾರ ಸಂಜೆ ಕಮಲಾಪುರದ ಶಾಲೆಯಲ್ಲಿ ಮಾಸ್ತರರು ಕುರ್ಚಿಗಳ ಹಿಂದೆ ನಿಂತು ನಬಿಸಾಬರು ಕೊಟ್ಟ ಹಾಲಿನ ಚಹಾ ಕುಡಿದರು. ಪರ್ವೇಜ್ ನೋಡಿದ, ಸಭ್ಯತೆಯಿಂದ ಬೇರೆ ಕಡೆ ಮುಖ ತಿರುಗಿಸಿದ. ಇನ್ನು ಕೂದಲಿನ ಮಾತು ಬರುತ್ತದೆಂದು ಮಾಸ್ತರರು ಬೆವರುತ್ತಿರುವಾಗಲೇ ಇಮಾಮಬಿ ಹಾರ ಹಾಕಿಕೊಂಡೇ ರಾಜೇಶ್ರೀಯ ಹತ್ತಿರ ಬಂದರು.

"ಏನು ಬಣ್ಣ ಬಂದದ ಬಾಯಿ. ನಮ್ಮ ಕಮಲಾಪುರದ ಕೆಂಪು ಬಾಳಿಹಣ್ಣಿನಂಗ. ನಾ ಎಷ್ಟು ವರ್ಷದಿಂದ ಹಚ್ಚಾಕತ್ತೀನಿ, ಒಂದು ಸಲನೂ ಹಿಂಗ ಬಂದಿಲ್ಲ. ಏನು ಹಾಕೀರಿ?"

"ಚಹಾ ಹಾಕೀನ್ರಿ."

"ಯಾವ ಚಹಾ?"

"ಅದನ್ನ ನಮ್ಮ ಮನಿಯವರಿಗೆ ಕೇಳ್ರಿ. ಅವರು ಕಣ್ಣು ಕಟ್ಟಿದ್ರೂ ಹೇಳ್ತಾರ."

ಕ್ಷಣದಲ್ಲಿ ಶಾಲೆಯ ಹೆಂಗಸರೆಲ್ಲ ಮಾಸ್ತರರ ಸುತ್ತ ನೆರೆದರು. ಒಬ್ಬರ ಕೈಯಲ್ಲಿ ಪೆನ್ನೂ ಇತ್ತು. ಚಹಾದ ವಿಷಯದಲ್ಲಿ ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಅವರ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಅಸ್ಸಾಮೋ, ಡಾರ್ಜಿಲಿಂಗೋ, ನೀಲಗಿರಿಯೋ ಎಂದು ಅವರು ತುಟಿಯಲ್ಲೇ ಎಣಿಸತೊಡಗಿದರು.

"ಹಂಗ ಗೊತ್ತಾಗಲಿಲ್ಲಂದ್ರ ವಾಸನಿ ನೋಡಿ ಹೇಳ್ರಿ," ಎಂದು ರಾಜೇಶ್ರೀ ಎಲ್ಲರೆದುರು ತಲೆ ಬಗ್ಗಿಸಿ ನಿಂತಳು.

ಬೇರೆ ದಾರಿ ಇರಲಿಲ್ಲ. ಮಾಸ್ತರರು ಬಾಗಿ, ಕಣ್ಣು ಮುಚ್ಚಿ, ಎರಡು ಸಲ ದೀರ್ಘವಾಗಿ ಮೂಸಿದರು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು.

"ಕೊಬ್ಬರಿ ಎಣ್ಣಿ," ಎಂದರು.

ರಾಜೇಶ್ರೀ ತಲೆ ಎತ್ತಿ ಸೆರಗು ಸರಿಮಾಡಿಕೊಂಡಳು. "ಬರೋಬ್ಬರಿ," ಎಂದಳು. "ಇದೊಂದು ಖರೇ ಹೇಳಿದ್ರು."